ವರ್ತನಾ ವಿಶ್ಲೇಷಕರು: ಪ್ರಮಾಣಪತ್ರದ ಹಿಂದೆ ಏನಿರಬೇಕು?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಭಾಗದ ಸದ್ಭಕ್ತರು ಈಚೆಗೆ ನಮ್ಮಲ್ಲಿ ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಆಟಿಸಂ, ಅಂದರೆ ಸ್ವಲೀನತೆ ಇರುವ ಮಕ್ಕಳ ತಂದೆತಾಯಿಗಳು ‘ಸರ್ಟಿಫೈಡ್ ಥೆರಪಿಸ್ಟ್’ ಎಂಬ ಫಲಕವನ್ನು ನಂಬಬಹುದೇ ಎನ್ನುತ್ತಾರೆ. ಮನಶ್ಶಾಸ್ತ್ರದ ಪದವಿ ಮುಗಿಸಿದ ಯುವಕ ಯುವತಿಯರು ಆ ಪ್ರಮಾಣಪತ್ರ ಪಡೆಯುವ ಬಗೆ ಹೇಗೆಂದು ವಿಚಾರಿಸುತ್ತಾರೆ.

ವರ್ತನಾ ವಿಶ್ಲೇಷಣೆಯ ತಿರುಳು ಸರಳ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ತುಂಬಿ ಬರುವ ದಿನಗಳಲ್ಲಿ ಒಂದು ಮಗು ಆ ದಾರಿಯಲ್ಲಿ ಹೋಗುವಾಗಲೆಲ್ಲ ಕಿರುಚಿ ನೆಲಕ್ಕೆ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಮನೆಯವರು ಹಟವೆನ್ನುತ್ತಾರೆ, ನೆರೆಯವರು ದೃಷ್ಟಿ ತಾಗಿದೆ ಎನ್ನುತ್ತಾರೆ. ವಿಶ್ಲೇಷಕರು ಮಾತ್ರ ಕಿರುಚುವ ಮುನ್ನ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ದೊರೆಯಿತು ಎಂಬುದನ್ನು ದಿನದಿನವೂ ಬರೆದಿಡುತ್ತಾರೆ. ಘಾಟು ತಾಳದೆ ಕಿರುಚುತ್ತಿದ್ದರೆ ದಾರಿ ಬದಲಿಸಬೇಕು. ಅತ್ತೊಡನೆ ಮೊಬೈಲ್ ಸಿಗುವುದರಿಂದ ಕಿರುಚುತ್ತಿದ್ದರೆ ಅದನ್ನು ಸನ್ನೆಯಿಂದಲೋ ಮಾತಿನಿಂದಲೋ ಕೇಳಲು ಕಲಿಸಬೇಕು. ನಿದಾನವನ್ನರಿಯದೆ ಚಿಕಿತ್ಸೆಗೆ ಕೈಹಾಕಬಾರದೆಂಬ ಆಯುರ್ವೇದದ ಮಾತಿಗೆ ಇದು ದೂರದ್ದಲ್ಲ. ಹಿಂದೊಮ್ಮೆ ಈ ಪದ್ಧತಿಯಲ್ಲಿ ಶಿಕ್ಷೆಯೂ ಸೇರಿತ್ತು. ಇಂದಿಗೂ ಮಗುವನ್ನು ಗದರಿಸಿ, ಹಿಡಿದು ಕೂರಿಸಿ ಕಲಿಸುವವರು ಕಂಡರೆ ಅಲ್ಲಿಂದ ಎದ್ದುಬರುವುದೇ ಲೇಸು.

ಈ ವೃತ್ತಿಗೆ ಪ್ರಮಾಣಪತ್ರ ನೀಡುವ ಪ್ರಸಿದ್ಧ ಮಂಡಳಿಯು 1998ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾಯಿತು. ಅದರ ಬಿ.ಸಿ.ಬಿ.ಎ. ಅರ್ಹತೆಗೆ ಸ್ನಾತಕೋತ್ತರ ಪದವಿ, ನಿಗದಿತ ವ್ಯಾಸಂಗ, ಮೇಲ್ವಿಚಾರಕರ ಅಡಿಯಲ್ಲಿ ಸಾಮಾನ್ಯವಾಗಿ 2000 ಗಂಟೆಗಳ ಅಭ್ಯಾಸ, ಕೊನೆಗೆ ಪರೀಕ್ಷೆ ಬೇಕು. ಆದರೆ 2023ರಿಂದ ಆ ಮಂಡಳಿ ಅಮೆರಿಕ, ಕೆನಡಾ ಮೊದಲಾದ ಕೆಲವೇ ದೇಶಗಳಲ್ಲಿ ವಾಸಿಸುವವರಿಂದ ಮಾತ್ರ ಹೊಸ ಅರ್ಜಿ ಸ್ವೀಕರಿಸುತ್ತಿದೆ. ರಾಣೇಬೆನ್ನೂರಿನಲ್ಲಿ ಕುಳಿತು ಅದನ್ನು ಪಡೆಯಿಸಿಕೊಡುತ್ತೇವೆಂದು ಹಣ ಕೇಳುವವರಿದ್ದರೆ ಎಚ್ಚರವಿರಲಿ. 40 ಗಂಟೆಗಳ ಆನ್‌ಲೈನ್ ತರಬೇತಿಯ ವಿಚಾರವೂ ಹೀಗೆಯೇ: ಅದು ಸಹಾಯಕ ತಂತ್ರಜ್ಞರ ಮೊದಲ ಮೆಟ್ಟಿಲು. ಅಷ್ಟನ್ನೇ ಕಲಿತವರು ಸ್ವತಂತ್ರವಾಗಿ ಕೇಂದ್ರ ತೆರೆಯುವುದು ನಾಡಿ ಹಿಡಿಯಲು ಕಲಿತವನು ಶಸ್ತ್ರಚಿಕಿತ್ಸೆಗೆ ಇಳಿದಂತೆ.

ನಮ್ಮ ದೇಶದಲ್ಲಿ 2021ರ ಸಂಬಂಧಿತ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ತನ್ನ ಅನುಸೂಚಿಯಲ್ಲಿ ವರ್ತನಾ ವಿಶ್ಲೇಷಕರನ್ನು ಹೆಸರಿಸಿದೆ. ಅದರ ವ್ಯವಸ್ಥೆ ನೆಲೆಗೊಳ್ಳುವವರೆಗೆ ನಮ್ಮ ಯುವಕರಿಗೆ ಭದ್ರವಾದ ದಾರಿ ಭಾರತೀಯ ಪುನರ್ವಸತಿ ಪರಿಷತ್ತಿನದು. ಪಿಯುಸಿ ಆದವರು ಪರಿಷತ್ತು ಮಾನ್ಯ ಮಾಡಿದ ವಿಶೇಷ ಶಿಕ್ಷಣದ ಡಿ.ಎಡ್., ಪದವೀಧರರು ವಿಶೇಷ ಶಿಕ್ಷಣದ ಬಿ.ಎಡ್. ಮಾಡಬಹುದು. ಮಾತು ಮತ್ತು ಶ್ರವಣದ ಕಡೆ ಒಲವಿದ್ದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವ್ಯಾಸಂಗದ ನಂತರ ಪರಿಷತ್ತಿನ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ಸೇರಿ ಸಂಖ್ಯೆ ದೊರೆಯುತ್ತದೆ. ವರ್ತನಾ ವಿಶ್ಲೇಷಣೆಯ ವಿಶೇಷ ತರಬೇತಿಯನ್ನು ಈ ಬುನಾದಿಯ ಮೇಲೆ ಪಡೆಯುವುದು ಯುಕ್ತ.

ತಂದೆತಾಯಿಗಳು ಫಲಕವನ್ನು ನೋಡಿ ಸುಮ್ಮನಾಗದೆ ಆ ನೋಂದಣಿ ಸಂಖ್ಯೆಯನ್ನು ಕೇಳಬೇಕು. ಗೋಡೆಯ ಮೇಲಿನ ಚೌಕಟ್ಟಿಗಿಂತ ಅದು ಹೆಚ್ಚು ಮಾತನಾಡುತ್ತದೆ. ಮಗುವಿನ ದಾಖಲೆಯನ್ನು ತಮಗೆ ತೋರಿಸುತ್ತಾರೆಯೇ, ಚಿಕಿತ್ಸೆಯ ವೇಳೆ ತಾವೂ ಒಳಗೆ ಕೂರಬಹುದೇ ಎಂದೂ ವಿಚಾರಿಸಬೇಕು.

ಹದಿನಾರು ತಿಂಗಳಾದರೂ ಒಂದು ಪದವನ್ನೂ ಆಡದ, ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ ಆಗಬೇಕು. ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಕಾಯುತ್ತ ಕೂರುವುದರಲ್ಲಿ ಕಲಿಕೆಗೆ ಒದಗುವ ಎಳೆಯ ವರ್ಷಗಳೇ ಕಳೆದುಹೋಗುತ್ತವೆ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಂಡು, ಅಗತ್ಯವೆನಿಸಿದರೆ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ವಲೀನತೆಯೂ ಸೇರಿರುವುದರಿಂದ ಪ್ರಮಾಣಪತ್ರ ಪಡೆದ ಮಗು ಸೌಲಭ್ಯಗಳಿಗೆ ಅರ್ಹವಾಗುತ್ತದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು. ಥೆರಪಿಯ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ.

ಘೃತ ಕುಡಿಸಿದರೆ ಸ್ವಲೀನತೆ ಹೋಗುವುದೇ ಎಂದು ಕೇಳುವವರಿಗೆ, ವೈದ್ಯರಾಗಿಯೇ, ಹೋಗುವುದಿಲ್ಲವೆನ್ನುತ್ತೇವೆ. ಮಲಬದ್ಧತೆ, ನಿದ್ರಾಹೀನತೆಗಳಿದ್ದರೆ ನಾವು ನೋಡಬಲ್ಲೆವು. ಅದಕ್ಕಾಗಿ ಥೆರಪಿಯನ್ನು ಒಂದು ದಿನವೂ ನಿಲ್ಲಿಸಬೇಕಾಗಿಲ್ಲ.