ಒಂದು ಲಾರಿಯಿಂದ ಲೋಕಸಭೆಗೆ

ಪುಣೆಗೆ ಬಂದ ಹೊಸತರಲ್ಲಿ ಅವ್ವ ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಗಂಟು ಕಳಿಸುತ್ತಿದ್ದಳು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಹಿಂಡಿ. ಬೆಳಗಿನ ಜಾವ ವಾಕಡ್‌ನಲ್ಲಿ ನಿಂತು ವಿಆರ್‌ಎಲ್ ಬಸ್ಸಿನ ದಾರಿ ಕಾಯುವಾಗ, ಈ ಮೂರಕ್ಷರದ ಹಿಂದಿರುವ ಮನುಷ್ಯ ಮೂರು ಸಲ ನಮ್ಮ ಸಂಸದರಾಗಿದ್ದವರು ಎಂಬುದು ನೆನಪೇ ಆಗುತ್ತಿರಲಿಲ್ಲ.

ವಿಜಯ ಸಂಕೇಶ್ವರ ಹುಟ್ಟಿದ್ದು 1950ರಲ್ಲಿ, ಗದಗದಲ್ಲಿ. ಮನೆಯದು ಪುಸ್ತಕ ಮುದ್ರಣ, ಪ್ರಕಾಶನದ ವ್ಯವಹಾರ. ಅಲ್ಲೇ ಮುಂದುವರಿದಿದ್ದರೆ ಜೀವನ ಸುಸೂತ್ರವಾಗಿ ನಡೆಯುತ್ತಿತ್ತು. ಅವರು 1976ರಲ್ಲಿ ಒಂದು ಲಾರಿ ಕೊಂಡರು. ನಂತರ ಹುಬ್ಬಳ್ಳಿಗೆ ಬಂದು ನೆಲೆಯೂರಿದರು. 1983ರಲ್ಲಿ ಕಂಪನಿ ನೋಂದಣಿಯಾಯಿತು. ಇಂದು ವಿಆರ್‌ಎಲ್ ಬಳಿ 5,000ಕ್ಕೂ ಹೆಚ್ಚು ಸರಕು ವಾಹನಗಳಿವೆ.

1996 ಅವರ ಬದುಕಿನ ದೊಡ್ಡ ತಿರುವು. ಬಸ್ ಸೇವೆ ಶುರುವಾದದ್ದೂ ಆ ವರ್ಷವೇ, ಬಿಜೆಪಿಯಿಂದ ಲೋಕಸಭೆಗೆ ಆಯ್ಕೆಯಾದದ್ದೂ ಆ ವರ್ಷವೇ. ಧಾರವಾಡ ಉತ್ತರ ಆಗ ಕಾಂಗ್ರೆಸ್ಸಿನ ಭದ್ರಕೋಟೆ. ಡಿ.ಕೆ. ನಾಯ್ಕರ್ 1980ರಿಂದ ಸತತವಾಗಿ ಗೆದ್ದಿದ್ದರು. ದೆಹಲಿಯ ಸರ್ಕಾರಗಳು ಉರುಳುತ್ತಿದ್ದುದರಿಂದ ಮತ್ತೆ 1998, 1999ರಲ್ಲಿ ಚುನಾವಣೆ ಬಂತು. ಮೂರರಲ್ಲೂ ಸಂಕೇಶ್ವರರೇ ಗೆದ್ದರು. ಮೂರನೆಯ ಸಲ ಗೆದ್ದ ಹೊತ್ತಿಗೇ ವಿಜಯ ಕರ್ನಾಟಕ ಪತ್ರಿಕೆಯನ್ನೂ ಆರಂಭಿಸಿದರು. ಕಡಿಮೆ ಬೆಲೆಗೆ, ಹಲವು ಊರುಗಳಿಂದ ಮುದ್ರಣವಾಗುತ್ತಿದ್ದ ಆ ಪತ್ರಿಕೆ ಕೆಲವೇ ವರ್ಷಗಳಲ್ಲಿ ಪ್ರಸಾರದಲ್ಲಿ ಮೊದಲ ಸ್ಥಾನಕ್ಕೇರಿತು.

ಸಂಸದರೇ ಪತ್ರಿಕೆಯ ಮಾಲೀಕರಾದರೆ ಓದುಗ ಯಾರನ್ನು ನಂಬಬೇಕು? ಇದು ಆಗಲೂ ಕೇಳಬೇಕಾಗಿದ್ದ, ಈಗಲೂ ಕೇಳಬೇಕಾದ ಪ್ರಶ್ನೆ. ಗೌರವ ಇದ್ದಲ್ಲಿ ಪ್ರಶ್ನೆ ಇರಬಾರದು ಎಂದೇನಿಲ್ಲ.

ಮುಂದೆ ಬಿಜೆಪಿ ಬಿಟ್ಟು ಕನ್ನಡ ನಾಡು ಪಕ್ಷ ಕಟ್ಟಿದರು. 2004ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಒಂದೂ ಲೋಕಸಭಾ ಸ್ಥಾನ ಬರಲಿಲ್ಲ. ಲಾರಿ, ಬಸ್ಸು, ಪತ್ರಿಕೆ ಎಲ್ಲದರಲ್ಲೂ ಕೈ ಹಿಡಿದ ಲೆಕ್ಕಾಚಾರ ಇಲ್ಲಿ ಕೈಕೊಟ್ಟಿತು. ಸರಕನ್ನು ಹೇಳಿದ ದಿನ ತಲುಪಿಸಿದರೆ ಗಿರಾಕಿ ಮತ್ತೆ ಬರುತ್ತಾನೆ. ಮತದಾರನ ಲೆಕ್ಕದಲ್ಲಿ ಜಾತಿ, ಪಕ್ಷ, ಗಾಳಿ ಎಲ್ಲವೂ ಇರುತ್ತವೆ.

2006ರಲ್ಲಿ ವಿಜಯ ಕರ್ನಾಟಕವನ್ನು ಟೈಮ್ಸ್ ಸಮೂಹಕ್ಕೆ ಮಾರಿದರು. ಕಟ್ಟಿ ಬೆಳೆಸಿದ್ದನ್ನು ಮಾರಿ ಸುಮ್ಮನೆ ಕೂರಲಿಲ್ಲ. 2012ರಲ್ಲಿ ವಿಜಯವಾಣಿ ಹೊರಬಂತು. 2020ರಲ್ಲಿ ಪದ್ಮಶ್ರೀ ಸಂದಿತು. 2022ರಲ್ಲಿ ಅವರ ಬದುಕು 'ವಿಜಯಾನಂದ' ಎಂಬ ಸಿನಿಮಾ ಆಯಿತು.

ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವ ಮುನ್ನ ನಾವು ಐಟಿಯವರು ಹತ್ತು ಸಲ ಯೋಚಿಸುತ್ತೇವೆ. ಕೈಯಲ್ಲಿ ಸಾಲ, ಮನೆಯಲ್ಲಿ ಮಕ್ಕಳ ಶಾಲೆ. ತಪ್ಪೇನಲ್ಲ. ಆದರೆ ಗದಗದ ಒಬ್ಬ ಯುವಕ ಮನೆಯ ಉದ್ಯಮ ಬಿಟ್ಟು ಲಾರಿ ಹಿಂದೆ ಹೋಗದಿದ್ದರೆ, ಅವ್ವನ ರೊಟ್ಟಿ ಗಂಟು ಪುಣೆಗೆ ಬರಲು ಬೇರೆ ದಾರಿ ಹುಡುಕಬೇಕಿತ್ತು. ಸಂಸದರಾಗಿ ಅವರು ಏನು ಮಾಡಿದರು ಎಂಬುದನ್ನು ಧಾರವಾಡದವರು ಹೇಳಲಿ. ಹೊರನಾಡಿನ ನಮಗಂತೂ ಅವರು ಊರಿನ ದಾರಿ ಹತ್ತಿರ ಮಾಡಿಕೊಟ್ಟರು.