ಬೆಳೆಯದ ಬಾಲಕನೂ ತಡವಾಗಿ ಬೆಳೆಯುವ ಬಾಲಕನೂ

ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿರುವ ಹೊಳಲೂರಿನ ಸುತ್ತಮುತ್ತ ಅಡಕೆಯ ಮರವನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಉದುರಿದ ಪ್ರತಿಯೊಂದು ಸೋಗೆಯೂ ಕಾಂಡದ ಮೇಲೆ ಬಳೆಯಂತಹ ಗುರುತೊಂದನ್ನು ಬಿಟ್ಟುಹೋಗುತ್ತದೆ. ಬಳೆಗಳು ದೂರ ದೂರವಿದ್ದರೆ ಆ ಕಾಲದಲ್ಲಿ ಮರವು ಬೇಗ ಬೆಳೆಯಿತೆಂದೂ, ಒತ್ತೊತ್ತಾಗಿದ್ದರೆ ಬೆಳವಣಿಗೆ ಕುಗ್ಗಿತೆಂದೂ ತೋಟಗಾರನು ಊಹಿಸಬಲ್ಲನು. ಮರದ ಎತ್ತರವೊಂದರಿಂದಲೇ ಇದು ತಿಳಿಯುವಂತಹುದಲ್ಲ.

ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಅಲ್ಲಿಯ ಶಾಲೆಯೊಂದರಲ್ಲಿ ಪ್ರಾರ್ಥನೆಯ ಸಾಲಿನ ಮೊದಲಿಗೇ ನಿಲ್ಲುವ 13 ವರ್ಷದ ಬಾಲಕನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಎತ್ತರ 130 ಸೆಂಟಿಮೀಟರು. ಜೊತೆಯವರ ಧ್ವನಿ ಒಡೆದಿದೆ, ಇವನದು ಇನ್ನೂ ಒಡೆದಿಲ್ಲ. “ನಾನೂ ಹೀಗೆಯೇ ಇದ್ದೆ, ಕಾಲೇಜಿಗೆ ಹೋದ ಮೇಲೆ ಬೆಳೆದೆ” ಎನ್ನುತ್ತಾನೆ ತಂದೆ. ತಾಯಿಗೆ ಸಮಾಧಾನವಿಲ್ಲ. ಇವರಲ್ಲಿ ಯಾರ ಮಾತು ಸರಿ?

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಅದರ ಮುಂಭಾಗದಲ್ಲಿ ಹುಟ್ಟುವ, 191 ಅಮೈನೋ ಆಮ್ಲಗಳ ಸರಪಣಿಯಾದ ಬೆಳವಣಿಗೆಯ ಹಾರ್ಮೋನು ಯಕೃತ್ತನ್ನೂ ಎಲುಬುಗಳ ತುದಿಯ ಮೃದ್ವಸ್ಥಿಯನ್ನೂ ಪ್ರಚೋದಿಸುತ್ತದೆ. ಆದರೆ ಅದು ಸದಾ ಹರಿಯುವ ತೊರೆಯಲ್ಲ. ಅಲೆಅಲೆಯಾಗಿ, ಅದರಲ್ಲಿಯೂ ಮುಖ್ಯವಾಗಿ ರಾತ್ರಿಯ ಗಾಢ ನಿದ್ರೆಯಲ್ಲಿ ಹೊರಬರುತ್ತದೆ. ಹಗಲಿನಲ್ಲಿ ಆರೋಗ್ಯವಂತ ಬಾಲಕನ ರಕ್ತದಲ್ಲಿಯೂ ಅದು ಬಹುಮಟ್ಟಿಗೆ ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ಒಂದು ಸಲ ರಕ್ತ ತೆಗೆದು ಅಳೆದರೆ ಪ್ರಯೋಜನವಿಲ್ಲ. ಹಾಗೆ ಅಳೆಯಿಸಿಕೊಂಡು ಬಂದ ಚೀಟಿಯನ್ನು ನೋಡಿ ಹೆದರುವುದೂ ವ್ಯರ್ಥ.

ವೈದ್ಯನು ಮೊದಲು ಕೇಳುವುದು ಹಳೆಯ ಅಳತೆಗಳನ್ನು. ಶೈಶವ ಕಳೆದ ಮೇಲೆ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರು ಬೆಳೆಯುತ್ತಾರೆ. ತಾರುಣ್ಯದ ಜಿಗಿತಕ್ಕೆ ಮುಂಚೆ ಈ ವೇಗವು ಸ್ವಲ್ಪ ಇಳಿಯುತ್ತದೆ. ತಾರುಣ್ಯ ತಡವಾದಷ್ಟೂ ಇಳಿತ ಎದ್ದು ಕಾಣುತ್ತದೆ. ಗೊಂದಲಕ್ಕೆ ಮೂಲ ಇದೇ. ಅನಂತರ ಅಪೌಷ್ಟಿಕತೆ, ರಕ್ತಹೀನತೆ, ಮೂತ್ರಪಿಂಡದ ದೋಷ, ಗೋಧಿಯ ಅಂಟು ಒಗ್ಗದ ಸೀಲಿಯಾಕ್ ರೋಗ, ಥೈರಾಯಿಡ್ ಕೊರತೆ ಇವುಗಳನ್ನು ಶೋಧಿಸಬೇಕು. ಕುಳ್ಳಗಿರುವ ಬಾಲಕಿಯಾದರೆ ಟರ್ನರ್ ಲಕ್ಷಣವಿದೆಯೇ ಎಂದು ವರ್ಣತಂತುಗಳನ್ನು ಪರೀಕ್ಷಿಸಲೇಬೇಕು. ಬೆಳವಣಿಗೆಯ ಹಾರ್ಮೋನಿನ ಕೊರತೆಯಾದರೋ ಇವೆಲ್ಲಕ್ಕಿಂತ ವಿರಳ; ಸ್ಥೂಲವಾಗಿ 4000 ಮಕ್ಕಳಲ್ಲಿ ಒಬ್ಬರಿಗೆ ಎನ್ನಬಹುದು.

ಎಡಗೈಯ ಕ್ಷ-ಕಿರಣ ಚಿತ್ರದಿಂದ ಎಲುಬಿನ ವಯಸ್ಸು ತಿಳಿಯುತ್ತದೆ. ನಮ್ಮ ಬಾಲಕನ ಎಲುಬಿಗೆ 10 ವರ್ಷವೆಂದು ಕಂಡಿತೆನ್ನೋಣ. ಬೆಳೆಯಲು ಇನ್ನೂ ಅವಕಾಶವಿದೆಯೆಂಬುದೇನೋ ಸಂತೋಷದ ವಾರ್ತೆಯೇ. ಆದರೆ ಎಲುಬು ತಡವಾಗಿ ಬಲಿಯುವುದು ಹಾರ್ಮೋನಿನ ಕೊರತೆಯಲ್ಲಿಯೂ ಉಂಟು, ತಂದೆ ಹೇಳಿದಂತಹ ವಂಶದ ನಿಧಾನದಲ್ಲಿಯೂ ಉಂಟು.

ಆಗ ಉದ್ದೀಪನ ಪರೀಕ್ಷೆಯ ಸರದಿ. ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ಕ್ಲೋನಿಡಿನ್ ಅಥವಾ ಗ್ಲೂಕಗಾನ್ ಕೊಟ್ಟು, ಪಿಟ್ಯುಟರಿಯನ್ನು ಕೆಣಕಿ, ಅರ್ಧ ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಕ್ಲೋನಿಡಿನ್ ರಕ್ತದ ಒತ್ತಡವನ್ನು ತಗ್ಗಿಸುವುದರಿಂದ ಬಾಲಕನನ್ನು ಮಲಗಿಸಿಯೇ ಇರಬೇಕು. ಹಾರ್ಮೋನಿನ ಗರಿಷ್ಠ ಮಟ್ಟವು ಮಿಲಿಲೀಟರಿಗೆ 7ರಿಂದ 10 ನ್ಯಾನೋಗ್ರಾಮಿನ ಎಲ್ಲೆಯನ್ನು ಎರಡು ಬೇರೆ ಬೇರೆ ಪರೀಕ್ಷೆಗಳಲ್ಲಿಯೂ ಮುಟ್ಟದಿದ್ದರೆ ಕೊರತೆಯೆಂದು ಶಂಕಿಸುತ್ತಾರೆ.

ಇಲ್ಲಿಯೇ ಒಂದು ತೊಡಕು. ತಾರುಣ್ಯದ ಹೊಸ್ತಿಲಲ್ಲಿ ನಿಂತು ಒಳಗೆ ಕಾಲಿಡದ ಮಕ್ಕಳಲ್ಲಿ ಲಿಂಗಗ್ರಂಥಿಗಳ ಹಾರ್ಮೋನು ಅತ್ಯಲ್ಪ. ಅದಿಲ್ಲದೆ ಪಿಟ್ಯುಟರಿಯೂ ಮಂಕಾಗಿಯೇ ಉತ್ತರಿಸುತ್ತದೆ. 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಹಜ ಎತ್ತರದ ಆರೋಗ್ಯವಂತ ಮಕ್ಕಳ ಪೈಕಿ ತಾರುಣ್ಯ ಮುಟ್ಟದಿದ್ದವರಲ್ಲಿ ನೂರಕ್ಕೆ 61 ಮಂದಿ ಮೂರು ಪರೀಕ್ಷೆಗಳಲ್ಲಿ ಒಂದರಲ್ಲಿಯೂ 7ರ ಎಲ್ಲೆಯನ್ನು ದಾಟಲಿಲ್ಲ! ಈಸ್ಟ್ರೊಜನನ್ನು ಎರಡು ದಿನ ಕೊಟ್ಟು ಪರೀಕ್ಷಿಸಿದಾಗ ಬಹುತೇಕ ಎಲ್ಲರೂ ದಾಟಿದರು. ಆದುದರಿಂದ 11 ವರ್ಷ ಮೀರಿದರೂ ತಾರುಣ್ಯದ ಚಿಹ್ನೆಯಿಲ್ಲದ ಬಾಲಕನಿಗೆ, ಪರೀಕ್ಷೆಗೆ ಒಂದು ವಾರ ಮುಂಚೆ ಟೆಸ್ಟೊಸ್ಟಿರೋನಿನ ಒಂದು ಚುಚ್ಚುಮದ್ದನ್ನು ಕೊಡುವ ಪದ್ಧತಿ ಬೆಳೆದಿದೆ. 10 ಮೀರಿದ ಅಂತಹ ಬಾಲಕಿಗೆ ಈಸ್ಟ್ರೊಜನ್ ಮಾತ್ರೆ. ಎಲ್ಲ ತಜ್ಞರೂ ಇದನ್ನು ಒಪ್ಪುವುದಿಲ್ಲ. ಪರೀಕ್ಷೆಯ ದಿನ ಹಾರ್ಮೋನು ಏರಿದ ಮಾತ್ರಕ್ಕೆ ಮಿಕ್ಕ ದಿನಗಳಲ್ಲಿಯೂ ಸಾಲುತ್ತದೆಯೇ ಎಂಬುದು ಅವರ ಪ್ರಶ್ನೆ. ಆದರೂ, ಸಿದ್ಧತೆಯಿಲ್ಲದ ಪರೀಕ್ಷೆಯನ್ನು ನಂಬಿ ಆರೋಗ್ಯವಂತ ಬಾಲಕನಿಗೆ ವರ್ಷಗಟ್ಟಲೆ ಪ್ರತಿರಾತ್ರಿ ಸೂಜಿ ಚುಚ್ಚುವುದಕ್ಕಿಂತ ಈ ಸಿದ್ಧತೆಯೇ ಮೇಲೆಂದು ತೋರುತ್ತದೆ. ಆ ಔಷಧದ ಬೆಲೆಯೂ ಸಣ್ಣ ಹಿಡುವಳಿಯ ಮನೆಗೆ ಹಗುರವಾದುದಲ್ಲ.

ಹಾಗೆಂದು ಕಾಯುತ್ತ ಕೂರುವಂತೆಯೂ ಇಲ್ಲ. ತಾರುಣ್ಯ ಮುಗಿದು ಎಲುಬಿನ ತುದಿಗಳು ಕೂಡಿಕೊಂಡರೆ ಯಾವ ಹಾರ್ಮೋನೂ ಎತ್ತರವನ್ನು ಕೊಡಲಾರದು. ತಲೆನೋವು, ಬೆಳಗಿನ ವಾಂತಿ, ಮಂದದೃಷ್ಟಿ ಇವು ಜೊತೆಗಿದ್ದರಂತೂ ಪಿಟ್ಯುಟರಿಯ ಬಳಿ ಗೆಡ್ಡೆಯಿರಬಹುದು, ಎಂ.ಆರ್.ಐ. ಚಿತ್ರವನ್ನು ಒಂದು ವಾರವೂ ತಡಮಾಡಬಾರದು.

ಕೊರತೆಯೆಂದು ಖಚಿತವಾದ ಬಾಲಕನನ್ನು ಬೆಳವಣಿಗೆ ಮುಗಿದ ಮೇಲೆ, ಔಷಧ ನಿಲ್ಲಿಸಿ, ಇನ್ನೊಮ್ಮೆ ಪರೀಕ್ಷಿಸುವುದುಂಟು. ಗ್ರಂಥಿಯ ರಚನೆಯಲ್ಲಿ ದೋಷವಿಲ್ಲದೆ ಈ ಒಂದು ಹಾರ್ಮೋನಿನ ಕೊರತೆ ಮಾತ್ರವಿದ್ದವರಲ್ಲಿ ಅನೇಕರ ಪಿಟ್ಯುಟರಿ ಆಗ ಸಹಜವಾಗಿಯೇ ಉತ್ತರಿಸುತ್ತದೆ.