ಹೊರಗೆ ಮಾತ್ರ ತೆರೆಯುವ ಬಾಗಿಲು

ಮಕ್ಕಳೇ, ನಮ್ಮ ಶ್ವಾಸಕೋಶದಲ್ಲಿ ಕೋಟ್ಯಂತರ ಪುಟ್ಟ ಗಾಳಿಚೀಲಗಳಿವೆ. ವರ್ಷಗಟ್ಟಲೆ ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ ಕುಡಿದರೆ ಅವುಗಳ ಗೋಡೆ ಹಾಳಾಗಬಹುದು. ಒಳಹೋದ ಗಾಳಿ ಸರಿಯಾಗಿ ಹೊರಬರದೆ, ಉಬ್ಬಿದ ಭಾಗ ಪಕ್ಕದ ಒಳ್ಳೆಯ ಭಾಗವನ್ನೂ ಅಮುಕುತ್ತದೆ. ಇದೇ ಎಂಫಿಸೀಮಾ.

ಇದಕ್ಕೊಂದು ಪುಟ್ಟ ಕವಾಟವಿದೆ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಎದೆ ಕೊಯ್ಯದೆ, ನಳಿಕೆ ಇಳಿಸಿ ಕೂರಿಸುತ್ತಾರೆ. ಗಾಳಿ ಹೊರಗೆ ಬರಬಹುದು, ಒಳಗೆ ಹೋಗುವಂತಿಲ್ಲ. ಕೆಟ್ಟ ಭಾಗ ಕುಗ್ಗಿ ಒಳ್ಳೆಯದಕ್ಕೆ ಜಾಗವಾಗುತ್ತದೆ.

ನಮ್ಮ ಭಾವನವರು "ನನಗೂ ಹಾಕಿಸಪ್ಪಾ" ಎಂದರು. ಜೊತೆಗೆ ಹೋದೆ. ಬ್ಯಾಂಕಿನಲ್ಲಿ ಸಾಲದ ಅರ್ಜಿ ಜಾಲಾಡಿದ ನನಗೇ ಅಲ್ಲಿಯ ಪರಿಶೀಲನೆ ಬೆರಗು ತಂದಿತು. ಧೂಮಪಾನ ಬಿಟ್ಟಿರಬೇಕು. ಔಷಧಿ, ವ್ಯಾಯಾಮದ ನಂತರವೂ ಏದುಸಿರು ಉಳಿದಿರಬೇಕು. ಯಂತ್ರಕ್ಕೆ ಊದಿಸಿದರು, ಆರು ನಿಮಿಷ ನಡೆಸಿದರು. ಕೊನೆಗೆ ಸಿ.ಟಿ. ಸ್ಕ್ಯಾನ್. ಬಲಗಡೆ 3 ಹಾಲೆ, ಎಡಗಡೆ 2. ನಡುವಿನ ಗಡಿ ಪೂರ್ತಿ ಮುಚ್ಚಿರಬೇಕು. ಇಲ್ಲದಿದ್ದರೆ ಪಕ್ಕದ ಹಾಲೆಯಿಂದ ಗಾಳಿ ನುಗ್ಗಿ ಕವಾಟ ವ್ಯರ್ಥ. ಮೇಲಾಗಿ, ಹಾಕಿದವರಲ್ಲಿ ಕೆಲವರಿಗೆ ಶ್ವಾಸಕೋಶ ಸೋರಿ ಎದೆಗೂಡಿನಲ್ಲಿ ಗಾಳಿ ತುಂಬುವ ಅಪಾಯವೂ ಉಂಟು; ಅದಕ್ಕೇ ಕೆಲವು ದಿನ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ.

ಭಾವನವರ ಗಡಿಯಲ್ಲಿ ತೆರಪಿತ್ತು. ವೈದ್ಯರು ಬೇಡವೆಂದರು. ಭಾವನವರು ಮುಖ ಸಣ್ಣ ಮಾಡಿಕೊಂಡರು. ನನಗೆ ಮಾತ್ರ ಆ ವೈದ್ಯರ ಮೇಲೆ ಗೌರವ ಹೆಚ್ಚಿತು. ಈಗ ಮೊಮ್ಮಗಳೇ ಎಣಿಸಿ ಉಸಿರಿನ ವ್ಯಾಯಾಮ ಮಾಡಿಸುತ್ತಾಳೆ.